ಮೊಣಕೈಗೆ ತೊಡಿಸಿದ ಬಳೆ

“ಗುರುಗಳೇ, ಕಣ್ಣಾರೆ ಕಂಡ ಮೋಸವನ್ನು ಬರೆದುಕೊಡುವುದಕ್ಕೂ ಯೋಚನೆ ಮಾಡಬೇಕೆ?”

ಕೇಳಿದವನು ಪಾಲಾಕ್ಷ. ಅಂಪೈರ್ ಪರೀಕ್ಷೆ ಪಾಸು ಮಾಡಿ ಆರು ತಿಂಗಳಾಗಿತ್ತು. ಕೇಳಿಸಿಕೊಂಡವರು ಓಬಯ್ಯ. ಓಬಯ್ಯನವರಿಗೆ ಅಕ್ಷರ ಬರದು. ಕ್ರಿಕೆಟ್ಟಿನ ನಿಯಮಗಳನ್ನೆಲ್ಲ ಇನ್ನೊಬ್ಬರಿಂದ ಓದಿಸಿ ಕಿವಿಯಲ್ಲೇ ಕಲಿತವರು. ಆದರೂ ಆ ಸೀಮೆಯಲ್ಲಿ ಅಂಪೈರ್ ಕೋಟು ತೊಡುವವರು ಯಾರೇ ಆಗಲಿ, ಮೊದಲು ಅವರಿಗೆ ನಮಸ್ಕಾರ ಮಾಡಿ ಬರುತ್ತಿದ್ದರು.

ಪಂದ್ಯ ಮುಗಿದು ಆಟಗಾರರೆಲ್ಲ ಹೋಗಿಯಾಗಿತ್ತು. ಓಬಯ್ಯನವರು ಮೈದಾನದ ಅಂಚಿನಲ್ಲಿದ್ದ ಕಲ್ಲಿನ ರೋಲರ್ ಮೇಲೆ ಕೂತಿದ್ದರು. ಪಾಲಾಕ್ಷನ ಜೇಬಿನಲ್ಲಿ ಒಂದು ಕಾಗದವಿತ್ತು. ಅದರಲ್ಲಿ ಒಬ್ಬ ಬೌಲರನ ಹೆಸರಿತ್ತು. ಇವನು ಚೆಂಡನ್ನು ಹಾಕುತ್ತಿಲ್ಲ, ಮೊಣಕೈ ಮಡಚಿ ಎಸೆಯುತ್ತಿದ್ದಾನೆ ಎಂದು ಪಾಲಾಕ್ಷ ಬರೆದಿದ್ದ. ಸಂಜೆಯೊಳಗೆ ಅದನ್ನು ಸಂಘದ ಆಫೀಸಿಗೆ ಕೊಟ್ಟರೆ ಆ ಬೌಲರ್ ನಾಳೆಯಿಂದ ಬೌಲಿಂಗ್ ಮಾಡುವಂತಿಲ್ಲ. ದೊಡ್ಡ ನಗರಕ್ಕೆ ಹೋಗಿ, ಕೈಗೆಲ್ಲ ಗುರುತು ಅಂಟಿಸಿಕೊಂಡು, ಮಷೀನಿನ ಮುಂದೆ ಚೆಂಡು ಹಾಕಿ ತೋರಿಸಬೇಕು. ಪಾಸಾದರೆ ಮರಳಿ ಬರಬಹುದು. ಹಾಗೆ ಹೋದವರಲ್ಲಿ ಮರಳಿ ಬಂದವರು ಕಡಿಮೆ.

“ಇವತ್ತು ಎಷ್ಟು ಜನ ಬೌಲ್ ಮಾಡಿದರು?” ಎಂದು ಓಬಯ್ಯ ಕೇಳಿದರು.

“ಎರಡೂ ಕಡೆ ಸೇರಿ ಹತ್ತು ಜನ.”

“ಅವನ ಕೈ ಎಷ್ಟು ಸಲ ನೋಡಿದೆ?”

“ಒಂದು ಚೆಂಡೂ ಬಿಟ್ಟಿಲ್ಲ ಗುರುಗಳೇ. ಓಡಿ ಬರುವಾಗಲೇ ಅನುಮಾನ ಬಂತು. ಕೈ ಒಳ್ಳೆ ಕುಡುಗೋಲು ಇದ್ದ ಹಾಗಿದೆ.”

“ಹಾಗಾದರೆ ಕೂತುಕೋ. ಸಂಜೆಗೆ ಇನ್ನೂ ಹೊತ್ತಿದೆ,” ಎಂದು ಓಬಯ್ಯ ಹೇಳತೊಡಗಿದರು.

ನನ್ನ ಪ್ರಾಯದಲ್ಲಿ ಒಂದು ಊರಿತ್ತು. ಊರು ಈಗಲೂ ಇದೆ, ಪ್ರಾಯ ಇಲ್ಲ. ಆ ಊರಿನ ಸಂತೆ ಮೈದಾನದಲ್ಲಿ ಭಾನುವಾರ ಕ್ರಿಕೆಟ್ ಆಡುತ್ತಿದ್ದರು. ಅರ್ಧ ಮೈದಾನದಲ್ಲಿ ಆಟ, ಇನ್ನರ್ಧದಲ್ಲಿ ಸಂತೆ. ಸಿಕ್ಸರ್ ಹೊಡೆದರೆ ಚೆಂಡನ್ನು ಟೊಮೆಟೊ ರಾಶಿಯಲ್ಲಿ ಹುಡುಕಬೇಕು. ಒಂದು ಸಲ ಚೆಂಡು ಅಂತ ಟೊಮೆಟೊನೇ ಎತ್ತಿ ಎಸೆದು ರನ್ ಔಟ್ ಮಾಡಿದ್ದೇನೆ, ಅಂಪೈರ್ ಔಟು ಕೊಟ್ಟಿದ್ದಾನೆ.

ಆ ಅಂಪೈರ್ ಸಾಮಾನ್ಯ ಮನುಷ್ಯ ಅಲ್ಲ. ಇಲ್ಲಿ ನಿಂತು ಆಚೆ ಗುಡ್ಡದ ಮೇಲಿನ ಮೇಕೆ ಯಾವ ಗಿಡದ ಎಲೆ ತಿನ್ನುತ್ತಿದೆ ಅಂತ ಹೇಳುತ್ತಿದ್ದ. ಹೋಗಿ ನೋಡಿದರೆ ಅದೇ ಗಿಡ. ಅವನ ಬಾಯಲ್ಲಿ ಒಂದು ಮಾತು ಬಂದರೆ ಊರ ದೊಡ್ಡವರೂ ಎದುರಾಡುತ್ತಿರಲಿಲ್ಲ. ಅವನಿಗೆ ಒಂದೇ ಒಂದು ಕಂಡರೆ ಆಗುತ್ತಿರಲಿಲ್ಲ, ಚೆಂಡನ್ನು ಎಸೆಯುವುದು.

ನಿಯಮ ನಿನಗೆ ಗೊತ್ತು, ಆದರೂ ಹೇಳುತ್ತೇನೆ. ಬೌಲರನ ತೋಳು ಭುಜದ ಮಟ್ಟಕ್ಕೆ ಏರಿದ ಮೇಲೆ, ಚೆಂಡು ಕೈ ಬಿಡುವ ತನಕ, ಮಡಚಿದ ಮೊಣಕೈ ನೆಟ್ಟಗಾಗಬಾರದು. ನೆಟ್ಟಗಾದರೆ ಅದು ಕಲ್ಲು ಬೀಸಿದ ಹಾಗೆ. ಇಷ್ಟೇ ನಿಯಮ. ಕೈ ಡೊಂಕಾಗಿರಬಾರದು ಅಂತ ನಿಯಮದಲ್ಲಿ ಎಲ್ಲೂ ಇಲ್ಲ. ಆದರೆ ಆ ಊರಿನವರೆಲ್ಲ ಹಾಗೇ ತಿಳಿದಿದ್ದರು. ಕೈ ಡೊಂಕು ಕಂಡರೆ ಕಳ್ಳ, ನೆಟ್ಟಗೆ ಕಂಡರೆ ಸಾಚಾ.

ನೆಟ್ಟಗೆ ಕಾಣುವ ಕೈ ಅಂದರೆ ನನ್ನದು. ಆಗ ನಾನು ಬೌಲರ್. ನನ್ನ ಕೈ ಎಷ್ಟು ನೆಟ್ಟಗಿತ್ತು ಅಂದರೆ, ಬಡಗಿ ಮರಕ್ಕೆ ಗೆರೆ ಎಳೆಯಬೇಕಾದರೆ ನನ್ನನ್ನು ಕರೆಸಿಕೊಳ್ಳುತ್ತಿದ್ದ. ಗೋಡೆ ಕಟ್ಟುವವರು ದಾರ ಮರೆತು ಬಂದರೆ ನನ್ನನ್ನು ಕೈ ಎತ್ತಿಸಿ ಪಕ್ಕದಲ್ಲಿ ನಿಲ್ಲಿಸುತ್ತಿದ್ದರು. ನಾನು ಹಾಕಿದ ಚೆಂಡು ಕೀಪರ್ ಕೈ ತಪ್ಪಿ ಹೋದರೆ ಮಾರನೇ ದಿನ ಪಕ್ಕದ ತಾಲ್ಲೂಕಿನವರು ಬಸ್ಸಿನಲ್ಲಿ ಕಳಿಸಿಕೊಡುತ್ತಿದ್ದರು. ಹೊಸಬರು ಯಾರೇ ಬರಲಿ, ಅಂಪೈರ್ ಮೊದಲು ನನ್ನ ಕಡೆ ಬೆರಳು ತೋರಿಸಿ, “ಕೈ ಅಂದರೆ ಹಾಗಿರಬೇಕು,” ಅನ್ನುತ್ತಿದ್ದ.

ಪಾಲಾಕ್ಷ ನಕ್ಕ. “ಮೇಕೆ ತಿನ್ನುವ ಎಲೆ ಕಾಣುತ್ತಿತ್ತು ಅಂದಿರಿ. ಅದು ನಿಜವೇ?”

“ಮೇಕೆ ಬೇಡ ಅಂದರೆ ಬಿಡು,” ಎಂದರು ಓಬಯ್ಯ. “ಬಸ್ಸಿನ ಮಾತೂ ಬಿಡು. ಇಲ್ಲಿಯ ತನಕ ಹೇಳಿದ್ದರಲ್ಲಿ ಮುಕ್ಕಾಲು ಪಾಲು ನನ್ನ ಬಾಯಿ ಚಪಲ. ಇನ್ನು ಮುಂದೆ ಹೇಳುವುದರಲ್ಲಿ ಒಂದು ಸಾಸಿವೆಯಷ್ಟೂ ಸೇರಿಸುವುದಿಲ್ಲ. ಸೇರಿಸಬೇಕಾದ ಅಗತ್ಯ ಇಲ್ಲ.”

ಅವರು ಮುಂದುವರಿಸಿದರು.

ಒಂದು ಭಾನುವಾರ ಒಬ್ಬ ಕಲ್ಲು ಕೆಲಸದವನು ಆಡಲು ಬಂದ. ಎಳೆಯದರಲ್ಲಿ ಬಂಡೆಯಿಂದ ಬಿದ್ದು ಅವನ ಬಲ ಮೊಣಕೈ ಮುರಿದಿತ್ತು. ಮನೆಯವರು ಹೇಗೋ ಬಟ್ಟೆ ಸುತ್ತಿ ಬಿಟ್ಟಿದ್ದರು. ಮೂಳೆ ಡೊಂಕಾಗಿಯೇ ಕೂಡಿಕೊಂಡು ಕೀಲು ಹಿಡಿದುಕೊಂಡಿತ್ತು. ಆ ಮೊಣಕೈ ಮಡಚುತ್ತಲೂ ಇರಲಿಲ್ಲ, ನೆಟ್ಟಗೂ ಆಗುತ್ತಿರಲಿಲ್ಲ. ಊಟ ಮಾಡುವುದು ಎಡಗೈಯಲ್ಲಿ. ಸುತ್ತಿಗೆ ಎತ್ತುವುದು ಭುಜದ ಬಲದಲ್ಲಿ. ಕಲ್ಲು ಒಡೆಯುವ ಜಾಗದಲ್ಲಿ ಎಲ್ಲರೂ ಅವನನ್ನು ಡೊಂಕ ಅಂತಲೇ ಕರೆಯುತ್ತಿದ್ದರು. ಹೆಸರು ಕೇಳಿದವರಿಲ್ಲ.

ಅವನು ಚೆಂಡು ಹಾಕಿದ. ಚೆಂಡು ನೆಲಕ್ಕೆ ಬಿದ್ದು ಒಂದು ಮೊಳ ತಿರುಗಿತು. ಆ ದಿನ ನಾಲ್ಕು ಜನ ಔಟಾದರು. ಸಂಜೆ ಸ್ಕೋರ್ ಬರೆಯುವವನು ಹೆಸರು ಕೇಳಿದ.

“ದುರುಗಪ್ಪ,” ಅಂದ. ಹೇಳುವಾಗ ಅವನಿಗೇ ನಾಚಿಕೆ.

ಪುಸ್ತಕದಲ್ಲಿ ಬರೆದರು. ದುರುಗಪ್ಪ ಆ ಪುಸ್ತಕ ಈಸಿಕೊಂಡು ನೋಡಿದ. ಅವನಿಗೂ ನನ್ನ ಹಾಗೇ ಅಕ್ಷರ ಬರುತ್ತಿರಲಿಲ್ಲ. ಆದರೂ ಬಹಳ ಹೊತ್ತು ನೋಡಿದ. ಮಾರನೇ ದಿನದಿಂದ ಕಲ್ಲು ಒಡೆಯುವವರೂ ಅವನನ್ನು ಹೆಸರು ಹಿಡಿದು ಕರೆಯತೊಡಗಿದರು.

ಮುಂದಿನ ಭಾನುವಾರ ಅಂಪೈರ್, ದುರುಗಪ್ಪನ ಕೈ ಕಾಣುವ ಹಾಗೆ ಪಿಚ್ಚಿನ ಪಕ್ಕಕ್ಕೆ ಬಂದು ನಿಂತು, ಅವನ ಮೊದಲ ಚೆಂಡಿಗೇ ಕೈ ಚಾಚಿದ. ನೋಬಾಲ್. ಎರಡನೆಯದೂ ನೋಬಾಲ್. ಏಳು ಚೆಂಡಿಗೆ ಏಳು ನೋಬಾಲ್. ಓವರ್ ಮುಗಿಯುವ ಹಾಗೇ ಕಾಣಲಿಲ್ಲ.

“ಸ್ವಾಮಿ, ನನ್ನ ಕೈ ಮೊದಲಿಂದ ಹಿಂಗೇ,” ಅಂದ ದುರುಗಪ್ಪ.

“ಎಲ್ಲ ಕಳ್ಳರೂ ಮೊದಲಿಂದ ಹಂಗೇ,” ಅಂದ ಅಂಪೈರ್.

ಮೈದಾನದ ಗೆರೆಯ ಪಕ್ಕದಲ್ಲೇ ಒಬ್ಬ ಮುದುಕಿ ಅರಗಿನ ಬಳೆ ಮಾಡಿ ಮಾರುತ್ತಿದ್ದಳು. ಕೆಂಡದಲ್ಲಿ ಅರಗು ಕಾಯಿಸಿ, ಕಡ್ಡಿಯ ಹಾಗೆ ಹೊಸೆದು, ಕೈಯ ಸುತ್ತಲೇ ಕೂಡಿಸಿ ಬಳೆ ಮಾಡುವುದು ಅವಳ ಕಸುಬು. ಬಿಸಿ ಇರುವಾಗ ಹೇಗೆ ಬೇಕೋ ಹಾಗೆ ಬಗ್ಗುತ್ತದೆ. ಆರಿದ ಮೇಲೆ ಗಾಜಿಗಿಂತ ಸೂಕ್ಷ್ಮ. ಅವಳಿಗೆ ಕ್ರಿಕೆಟ್ ಗೊತ್ತಿರಲಿಲ್ಲ. ಕೈ ಗೊತ್ತಿತ್ತು. ಅರವತ್ತು ವರ್ಷ ಬೇರೆಯವರ ಕೈ ಹಿಡಿದೇ ಬದುಕಿದವಳು.

ಅವಳು ಕೂತಲ್ಲಿಂದಲೇ ಅಂಪೈರನನ್ನು ಕರೆದಳು. “ಏನಪ್ಪಾ ಕೋಟಿನವನೇ, ಆಗಿನಿಂದ ಕೈ ಚಾಚ್ತಾನೇ ಇದ್ದೀಯ. ಬಳೆ ಬೇಕಾ?”

ಜನ ನಕ್ಕರು. ಅಂಪೈರ್ ನಗಲಿಲ್ಲ.

“ಇವನ ಮೊಣಕೈಗೆ ಬಿಗಿಯಾಗಿ ಒಂದು ಬಳೆ ಹಾಕ್ತೀನಿ,” ಅಂದಳು. “ಮಡಚಿದರೆ ಒಡೆಯುತ್ತೆ. ನೆಟ್ಟಗಾದರೆ ಸಡಿಲ ಆಗಿ ಜಾರುತ್ತೆ. ಕೀಲು ಅಲ್ಲಾಡದಿದ್ದರೆ ಇದ್ದಂಗೇ ಇರುತ್ತೆ. ನನ್ನ ಬಳೆಗೆ ನಿನ್ನಂಗೆ ಸಿಟ್ಟೂ ಇಲ್ಲ, ಸ್ನೇಹಾನೂ ಇಲ್ಲ.”

ಗಂಡಸಿಗೆ ಬಳೆ ತೊಡಿಸುತ್ತೇನೆ ಅನ್ನುವುದು ನಮ್ಮ ಕಡೆ ಎಂಥ ಮಾತು ಅಂತ ನಿನಗೆ ಗೊತ್ತು. ಕೊಲೆಗೆ ನಿಲ್ಲುತ್ತಾರೆ. ಸುತ್ತ ನಿಂತವರಲ್ಲಿ ಒಬ್ಬ, “ಬಳೆ ಸರಿ, ಸೀರೆ ಯಾವಾಗ ಅಜ್ಜಿ?” ಅಂದ. “ನಿಮ್ಮವ್ವನದು ಒಂದು ಇಸ್ಕೊಂಡು ಬಾ, ಮೊದಲು ನಿನಗೇ ಉಡಿಸಿ ನೋಡ್ತೀನಿ,” ಅಂದಳು ಮುದುಕಿ.

ದುರುಗಪ್ಪ ಹೋಗಿ ಅವಳ ಮುಂದೆ ಕೂತು ಬಲಗೈ ನೀಡಿದ.

“ಒಡೆದರೆ ಏನು ಮಾಡ್ತೀಯ ಮಗ?”

“ಒಡೆದರೆ ಇನ್ನು ಈ ಕಡೆ ಬರಲ್ಲ ಅಜ್ಜಿ. ಪುಸ್ತಕದಾಗೆ ಹೆಸರು ಹೊಡೆದು ಹಾಕಿ.”

ಅವಳು ಬಳೆ ಕೂಡಿಸಿದಳು. ಆರಲು ಬಿಟ್ಟಳು. ಓಡಿ ಬರಬೇಡ, ಎರಡೇ ಹೆಜ್ಜೆ ಇಟ್ಟು ಹಾಕು ಅಂದಳು. ಸಂತೆಯವರು ತಕ್ಕಡಿ ಕೆಳಗಿಟ್ಟು ಬಂದು ನಿಂತರು. ದುರುಗಪ್ಪ ಆರು ಚೆಂಡು ಹಾಕಿದ. ಆರೂ ಮೊಳದುದ್ದ ತಿರುಗಿದವು. ಬಳೆ ಒಡೆಯಲಿಲ್ಲ. ಜಾರಲೂ ಇಲ್ಲ. ತೊಡಿಸಿದ ಜಾಗದಲ್ಲೇ ಇತ್ತು.

ಅಂಪೈರನ ಮುಖ ಸುಣ್ಣ ಬಳಿದ ಹಾಗಾಯಿತು.

“ಬಳೆಯಲ್ಲೇ ಏನೋ ಮೋಸ ಇದೆ,” ಅಂದ. “ಇದು ಯಾರ ಕೈಯಲ್ಲೂ ಒಡೆಯುವ ಬಳೆ ಅಲ್ಲ. ಬೇಕಾದರೆ ಓಬಯ್ಯನಿಗೆ ತೊಡಿಸಿ ನೋಡಿ.”

ನಾನು ಮೀಸೆ ತಿರುವಿಕೊಂಡೇ ಹೋದೆ. “ಅಜ್ಜಿ, ಇನ್ನೂ ಬಿಗಿಯಾಗಿ ಹಾಕು,” ಅಂದೆ. ಅವಳು ನನ್ನ ಮೊಣಕೈಯನ್ನು ಎರಡು ಸಲ ಒತ್ತಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. “ಬೇಡ ಅಂದರೆ ಈಗಲೇ ಎದ್ದು ಹೋಗು,” ಅಂದಳು, ನನಗೆ ಮಾತ್ರ ಕೇಳುವ ಹಾಗೆ. ನಾನು ಎದ್ದು ಹೋಗಲಿಲ್ಲ.

ಕೈ ಕೆಳಗೆ ನೆಟ್ಟಗೆ ಬಿಟ್ಟು ನಿಂತೆ. ಎರಡು ಹೆಜ್ಜೆ ಇಟ್ಟೆ. ಚೆಂಡು ಇನ್ನೂ ನನ್ನ ಕೈಯಲ್ಲೇ ಇತ್ತು, ಕಿವಿಯ ಪಕ್ಕದಲ್ಲಿ ‘ಚಟ್’ ಅಂತು.

ಬಳೆಯ ಚೂರು ನನ್ನ ಕಾಲ ಬಳಿ ಬಿದ್ದಿತ್ತು. ನಾನು ಅದನ್ನು ನೋಡುತ್ತಾ ನಿಂತೆ. ನಂಬು ಪಾಲಾಕ್ಷ, ನನ್ನ ಕೈ ಮಡಚುತ್ತದೆ ಅಂತ ಆ ಗಳಿಗೆಯ ತನಕ ನನಗೇ ಗೊತ್ತಿರಲಿಲ್ಲ. ನನ್ನ ಕೈಯನ್ನು ನಾನು ಯಾವತ್ತೂ ನೋಡಿರಲಿಲ್ಲ, ನೋಡಿದವರ ಹೊಗಳಿಕೆ ಕೇಳಿದ್ದೆ ಅಷ್ಟೇ.

ಅಂಪೈರ್ ಇನ್ನೊಬ್ಬ ಬೌಲರನನ್ನು ಕರೆದ. ಅವನದೂ ಒಡೆಯಿತು. ಎದುರು ತಂಡದವರನ್ನು ಕರೆದ. ಅವರವೂ ಒಡೆದವು. ಒಟ್ಟು ಹನ್ನೊಂದು ಜನ ಬೌಲರುಗಳು. ಹನ್ನೊಂದು ಬಳೆಯ ಚೂರು. ಇಡೀ ಬಳೆ ಉಳಿದದ್ದು ಕಳ್ಳ ಅನ್ನಿಸಿಕೊಂಡವನ ಡೊಂಕು ಕೈಯಲ್ಲಿ ಮಾತ್ರ.

ಮುದುಕಿ ಚೂರುಗಳನ್ನೆಲ್ಲ ಸೆರಗಿಗೆ ಬಳಿದುಕೊಂಡಳು. ಮತ್ತೆ ಕಾಯಿಸಿದರೆ ಅರಗು ಬರುತ್ತದೆ.

ಊರ ದೊಡ್ಡವರು ಅಲ್ಲೇ ಕೂತು ಯೋಚನೆ ಮಾಡಿದರು. ಎಲ್ಲರನ್ನೂ ಕಳ್ಳರು ಅಂದರೆ ಆಡುವವರು ಯಾರು? ಕೊನೆಗೆ ಒಂದು ತೀರ್ಮಾನ ಆಯಿತು. ಇನ್ನು ಮೇಲೆ ಪರೀಕ್ಷೆಯ ಬಳೆಯನ್ನು ಒಂದು ಕಿರುಬೆರಳು ತೂರುವಷ್ಟು ಸಡಿಲ ಮಾಡುವುದು. ಅಷ್ಟು ಮಡಚಿದರೆ ತಪ್ಪಿಲ್ಲ. ಅದಕ್ಕೂ ಒಡೆದರೆ ತಪ್ಪು. ಅಂಪೈರಿಗೆ ಯಾರ ಮೇಲೆ ಅನುಮಾನ ಬರುತ್ತದೋ ಅವನು ಹೋಗಿ ಬಳೆ ತೊಡಬೇಕು. ಈಗ ನಿಮ್ಮ ಮಷೀನಿನಲ್ಲಿ ಹದಿನೈದು ಡಿಗ್ರಿ ಅಂತಾರಲ್ಲ, ಅದು ನಮ್ಮ ಕಿರುಬೆರಳು.

“ಒಳ್ಳೆಯ ತೀರ್ಮಾನವೇ ಅಲ್ಲವೇ ಗುರುಗಳೇ?” ಎಂದ ಪಾಲಾಕ್ಷ.

“ತೀರ್ಮಾನ ಒಳ್ಳೆಯದೇ. ನಾನೂ ಕೈ ಎತ್ತಿ ಒಪ್ಪಿದೆ,” ಎಂದರು ಓಬಯ್ಯ. “ಅನುಮಾನ ಯಾರ ಮೇಲೆ ಬರುತ್ತದೆ ಅನ್ನುವುದನ್ನು ಮಾತ್ರ ಯಾರೂ ತೀರ್ಮಾನ ಮಾಡಲಿಲ್ಲ.”

ಅವರು ಮತ್ತೆ ಮುಂದುವರಿಸಿದರು.

ಮುಂದಿನ ಭಾನುವಾರ ಬೇರೆ ಊರಿನ ತಂಡ ಬಂತು. “ಇದೇನು, ಇವನು ಎಸೀತಾನಲ್ಲ,” ಅಂದರು. ಅಂಪೈರಿಗೆ ಅನುಮಾನ ಬಂತು. ದುರುಗಪ್ಪ ಬಳೆ ತೊಟ್ಟ. ಒಡೆಯಲಿಲ್ಲ. ಅದರ ಮುಂದಿನ ಭಾನುವಾರ ಇನ್ನೊಂದು ಊರು. ಮತ್ತೆ ಅನುಮಾನ. ಮತ್ತೆ ಬಳೆ. ಹೀಗೆ ಮೊದಲ ಬಳೆಯ ದಿನವೂ ಸೇರಿ ಆರು ಭಾನುವಾರ. ಎಲ್ಲರಿಗೂ ಕಿರುಬೆರಳಿನ ಸಡಿಲ ಇತ್ತು. ದುರುಗಪ್ಪ ಮಾತ್ರ, “ನನಗೆ ಸಡಿಲ ಬೇಡ ಅಜ್ಜಿ, ಬಿಗಿಯಾಗೇ ಹಾಕು,” ಅನ್ನುತ್ತಿದ್ದ. ಅವಳು ಪರೀಕ್ಷೆ ಮುಗಿದ ಮೇಲೆ ಕೆಂಡ ತೋರಿಸಿ ಬಳೆ ಬಿಡಿಸಿ, ಮತ್ತೆ ಕೂಡಿಸಿ, ತನ್ನ ಕೊಡೆಯ ಕಡ್ಡಿಗೆ ನೇತುಹಾಕುತ್ತಿದ್ದಳು. ಆರು ಬಳೆ ಆದವು.

“ನನ್ನ ಅರಗು ಮುಗೀತಾ ಬಂತು, ನಿನ್ನ ಅನುಮಾನ ಮುಗೀಲಿಲ್ಲ,” ಅಂತ ಅಂಪೈರಿಗೆ ಹೇಳಿದಳು.

“ಏನು ಮಾಡಲಿ ಅಜ್ಜಿ, ಕಣ್ಣಿಗೆ ಹಂಗೇ ಕಾಣುತ್ತೆ,” ಅಂದ ಅವನು. ಸುಳ್ಳು ಹೇಳಲಿಲ್ಲ. ಅವನ ಕಣ್ಣಿಗೆ ಹಾಗೇ ಕಾಣುತ್ತಿತ್ತು.

ಬಳೆ ಕಾಯಿಸಿ, ಆರಿಸಿ, ಆರು ಚೆಂಡು ಹಾಕಿ ತೋರಿಸುವಷ್ಟರಲ್ಲಿ ದುರುಗಪ್ಪನ ಓವರುಗಳು ಬೇರೆಯವರ ಪಾಲಾಗುತ್ತಿದ್ದವು. ಬೇರೆಯವರು ಅಂದರೆ ನಾನು. ಕಿರುಬೆರಳಿನ ಸಡಿಲ ಸಿಕ್ಕಿತ್ತಲ್ಲ, ನನ್ನ ಕೈ ಅದನ್ನೂ ದಾಟಿ ಮಡಚುತ್ತಿತ್ತು. ಈಗ ನನಗೆ ಅದು ಗೊತ್ತಿತ್ತು. ಚೆಂಡು ಮೊದಲಿಗಿಂತ ಜೋರಾಗಿ ಹೋಗುತ್ತಿತ್ತು. ಅಂಪೈರ್ ನನ್ನನ್ನು ಒಂದು ಸಲವೂ ಬಳೆಗೆ ಕಳಿಸಲಿಲ್ಲ. ಹೊಸಬರಿಗೆ ಇನ್ನೂ ನನ್ನ ಕೈಯನ್ನೇ ತೋರಿಸುತ್ತಿದ್ದ.

ಆರನೆಯ ಭಾನುವಾರ ದುರುಗಪ್ಪನ ಬೆನ್ನ ಹಿಂದೆ ಜನ, “ಬಳೆಯವನು ಬಂದ,” ಅಂದರು. ಅವನ ಹೆಸರು ಮತ್ತೆ ಹೋಗಿತ್ತು. ಆಟ ಮುಗಿದ ಮೇಲೆ ಅವನು ನನ್ನ ಹತ್ತಿರ ಬಂದು ಕೂತ.

“ಅಣ್ಣ, ನಿನ್ನ ಬಳೆ ಅವತ್ತು ಒಡೀತು. ನನ್ನದು ಒಂದು ಸಲಾನೂ ಒಡೀಲಿಲ್ಲ. ನನ್ನನ್ನೇ ಯಾಕೆ ಕಳಿಸ್ತಾರೆ?”

ಅವನು ಜಗಳಕ್ಕೆ ಬಂದಿರಲಿಲ್ಲ. ತಿಳಿದುಕೊಳ್ಳಲು ಕೇಳಿದ್ದ. ನಾನು ಆವತ್ತು ಐದು ವಿಕೆಟ್ ತೆಗೆದು ಖುಷಿಯಲ್ಲಿದ್ದೆ.

“ನನ್ನ ಕೈ ನೋಡೋಕೆ ನೆಟ್ಟಗಿದೆಯಲ್ಲಪ್ಪ,” ಅಂದೆ.

“ನೋಡೋಕೆ ನೆಟ್ಟಗಿದ್ದರೆ ಸಾಕಾ ಅಣ್ಣ?”

“ಸಾಕು. ಇನ್ನೇನು ಬೇಕು.”

ತಮಾಷೆಗೆ ಹೇಳಿದ ಮಾತು. ಅವನು ನಗಲಿಲ್ಲ. ತಲೆ ಆಡಿಸಿ ಎದ್ದು ಹೋದ.

ನಾಲ್ಕು ತಿಂಗಳು ಅವನು ಕಾಣಲಿಲ್ಲ. ಯಾರೂ ಕೇಳಲೂ ಇಲ್ಲ. ಒಂದು ಭಾನುವಾರ ಬಂದ. ತುಂಬು ತೋಳಿನ ಅಂಗಿ ಹಾಕಿದ್ದ. ನನ್ನ ಮುಂದೆ ನಿಂತು ಅಂಗಿಯ ತೋಳು ಮಡಿಸಿ ಮೇಲೇರಿಸಿ ಕೈ ಚಾಚಿದ. ಬಲಗೈ ನೆಟ್ಟಗಿತ್ತು. ಮೊಣಕೈ ಸುತ್ತ ಚರ್ಮ ಕಪ್ಪಾಗಿ ಸುಕ್ಕುಗಟ್ಟಿತ್ತು.

“ಮೂಳೆ ಕಟ್ಟುವವನ ಹತ್ತಿರ ಹೋಗಿದ್ದೆ ಅಣ್ಣ,” ಅಂದ. “ಹಳೇ ಮೂಳೆ, ಮತ್ತೆ ಮುರಿದೇ ಕಟ್ಟಬೇಕು ಅಂದ. ಒರಳಿನ ಮೇಲೆ ಕೈ ಇಡಿಸಿ ಮರದ ಕೊಡತಿಯಿಂದ ಹೊಡೆದ. ಮೂರನೇ ಪೆಟ್ಟಿಗೆ ಬಿಟ್ಟಿತು. ಬಿದಿರು ದಬ್ಬೆ ಕಟ್ಟಿ ತೊಂಬತ್ತು ದಿನ ಇಟ್ಟ. ಈಗ ಮಡಚೋಕೂ ಬರುತ್ತೆ ನೋಡು.”

ಮಡಚಿ ತೋರಿಸಿದ. ನೆಟ್ಟಗೆ ಮಾಡಿ ತೋರಿಸಿದ. ಅವನ ಮುಖದಲ್ಲಿ ಸಂತೋಷ ತುಂಬಿತ್ತು. ನಾನು ಕೈಯಲ್ಲಿದ್ದ ಚೆಂಡನ್ನು ಅವನ ಮುಂದೆ ಹಿಡಿದೆ.

ಅವನು ಚೆಂಡು ತೆಗೆದುಕೊಂಡ. ಓಡಿ ಬಂದ. ಹೊಸದಾಗಿ ಬಿಟ್ಟ ಕೀಲು. ತೋಳು ಮೇಲೇರುವಾಗ ಮಡಚಿತು, ಇಳಿಯುವಾಗ ಚಾವಟಿಯ ಹಾಗೆ ನೆಟ್ಟಗಾಯಿತು. ಅದು ಎಸೆತ. ಕುರುಡನಿಗೂ ಕಾಣುವ ಎಸೆತ. ನಾನು ಅಂಪೈರ್ ಕಡೆ ನೋಡಿದೆ. ಅವನು ಕೈ ಚಾಚಲಿಲ್ಲ. ಆರು ಚೆಂಡೂ ನೋಡಿದ. ಓವರ್ ಮುಗಿದ ಮೇಲೆ ದುರುಗಪ್ಪನ ಹತ್ತಿರ ಹೋಗಿ ಬೆನ್ನು ತಟ್ಟಿದ.

“ಈಗ ನೋಡು, ಎಷ್ಟು ಶುದ್ಧವಾಗಿದೆ. ಇದನ್ನು ಮೊದಲೇ ಮಾಡಿದ್ದರೆ ಆಗ್ತಿರಲಿಲ್ವಾ?”

ಮುದುಕಿ ಅಷ್ಟು ವರ್ಷ ಕೂತವಳು ಗೆರೆ ದಾಟಿ ಒಳಗೆ ಬಂದಿರಲಿಲ್ಲ. ಅವತ್ತು ಕೆಂಡದ ಬಾನಿ ಎತ್ತಿಕೊಂಡು ಪಿಚ್ಚಿನ ತನಕ ಬಂದಳು. ಯಾರೂ ಕರೆದಿರಲಿಲ್ಲ. ದುರುಗಪ್ಪನನ್ನು ಕೂರಿಸಿದಳು. ಬಳೆ ಕೂಡಿಸಿದಳು. ಈ ಸಲ ಬಿಗಿ ಅಲ್ಲ, ಕಿರುಬೆರಳು ತೂರಿಸಿ ನೋಡಿ, ಅದಕ್ಕಿಂತ ಒಂದು ಕೂದಲು ಹೆಚ್ಚೇ ಸಡಿಲ ಮಾಡಿದಳು.

“ಹಾಕು ಮಗ.”

ಅವನು ನಗುತ್ತಾ ಎದ್ದ. ಇದು ಏಳನೆಯ ಬಳೆ. ಆರು ಗೆದ್ದವನಿಗೆ ಏಳನೆಯದು ಯಾವ ಲೆಕ್ಕ. ಎರಡು ಹೆಜ್ಜೆ ಇಟ್ಟು ಹಾಕಿದ.

‘ಚಟ್’ ಅಂತು.

ಮುದುಕಿ ಚೂರು ಎತ್ತಿಕೊಂಡು ಹೋಗಿ ಅಂಪೈರನ ಅಂಗೈಯಲ್ಲಿಟ್ಟಳು. “ತಗೋ. ಇಲ್ಲದ ಕಳ್ಳನನ್ನ ಹುಡುಕಿ ಹುಡುಕಿ ಕೊನೆಗೆ ನೀನೇ ಒಬ್ಬನನ್ನ ಮಾಡಿಕೊಂಡೆ,” ಅಂದಳು.

ಅಂಪೈರ್ ಅಂಗೈ ನೋಡುತ್ತಾ ನಿಂತ. ಮುಚ್ಚಲೂ ಇಲ್ಲ, ಚೂರು ಬಿಸಾಡಲೂ ಇಲ್ಲ. ಆಗ ದುರುಗಪ್ಪ ಮಾತಾಡಿದ. ಅವನಿಗೆ ಏನಾಯಿತು ಅಂತಲೇ ಗೊತ್ತಾಗಿರಲಿಲ್ಲ. ನಿಯಮ ಏನು ಅಂತ ಅವನಿಗೆ ಯಾರೂ ಯಾವತ್ತೂ ಹೇಳಿರಲಿಲ್ಲ. ನಾನು ಹೇಳಿದ್ದೇ ನಿಯಮ ಅಂದುಕೊಂಡಿದ್ದ.

“ಅಜ್ಜಿ, ಈಗ ನೆಟ್ಟಗಿದೆಯಲ್ಲ,” ಅಂದ. “ಮತ್ತೆ ಯಾಕೆ ಒಡೀತು?”

ಅವಳು ಬಗ್ಗಿ ಕೆಂಡದ ಬಾನಿ ಎತ್ತಿಕೊಂಡಳು. ಅಂಪೈರ್ ಅಂಗೈಯಿಂದ ಕಣ್ಣು ಎತ್ತಲಿಲ್ಲ. ಅವನು ನನ್ನ ಕಡೆ ತಿರುಗಿದ. “ಅಣ್ಣ?” ಅಂದ.

ಓಬಯ್ಯ ಅಲ್ಲಿಗೆ ನಿಲ್ಲಿಸಿದರು.

“ನೀವು ಏನು ಹೇಳಿದಿರಿ?”

“ಐವತ್ತು ವರ್ಷ ಆಯಿತು. ಇನ್ನೂ ಹುಡುಕುತ್ತಿದ್ದೇನೆ.”

“ಆ ಅಂಪೈರ್?”

“ಕೋಟು ಬಿಚ್ಚಿ ಸ್ಟಂಪಿಗೆ ನೇತುಹಾಕಿ ಹೋದ. ಮತ್ತೆ ಬರಲಿಲ್ಲ. ಮುಂದಿನ ಭಾನುವಾರ ಆ ಕೋಟು ಯಾರೂ ಮುಟ್ಟಲಿಲ್ಲ. ನಾನು ತೊಟ್ಟೆ. ಅವತ್ತಿನಿಂದ ನಾನು ಒಂದು ಚೆಂಡೂ ಹಾಕಿಲ್ಲ.”

“ದುರುಗಪ್ಪ?”

ಓಬಯ್ಯ ತಮ್ಮ ಬಲ ಮೊಣಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡರು. “ಬಿಟ್ಟ ಕೀಲು ಸುತ್ತಿಗೆಯ ಭಾರ ತಡೆಯಲಿಲ್ಲ. ಆಟವೂ ಹೋಯಿತು, ಕೆಲಸವೂ ಹೋಯಿತು. ಊರು ಬಿಟ್ಟ. ಪುಸ್ತಕದಲ್ಲಿ ಅವನ ಹೆಸರು ಇದೆಯಂತೆ. ಓದುವವರಿಂದ ಓದಿಸಿ ಕೇಳಿದ್ದೇನೆ.”

ಪಾಲಾಕ್ಷ ಜೇಬಿನಿಂದ ಕಾಗದ ತೆಗೆದ. ಮಡಿಕೆ ಬಿಚ್ಚಿ ನೋಡಿದ. ಮತ್ತೆ ಮಡಿಸಿದ. ಬಿಸಿಲು ಇಳಿಯುತ್ತಿತ್ತು. ಸಂಘದ ಆಫೀಸು ಮುಚ್ಚಲು ಇನ್ನು ಸ್ವಲ್ಪವೇ ಹೊತ್ತಿತ್ತು.

“ಆದರೆ ಗುರುಗಳೇ,” ಎಂದ ಕೊನೆಗೆ, “ಇವತ್ತಿನವನು ನಿಜವಾಗಿಯೂ ಎಸೆಯುತ್ತಿದ್ದರೆ? ಕೊಡಲೇಬಾರದು ಅನ್ನುತ್ತೀರಾ?”

“ಕೊಡು,” ಎಂದರು ಓಬಯ್ಯ. “ಉಳಿದ ಒಂಬತ್ತು ಜನರ ಮೊಣಕೈ ಇವತ್ತು ಹೇಗಿತ್ತು ಅಂತಲೂ ಅದರಲ್ಲೇ ಬರೆದು ಕೊಡು.”